ಒಂದರಲ್ಲೇ ನಿಂತ ಅಂಕೆ

ಕಂಪ್ಯೂಟರಿನ ತೆರೆಯ ಮೂಲೆಯಲ್ಲಿ ‘ಒಂದು’ ಎಂಬ ಅಂಕೆ ನಿಂತಿತ್ತು. ಅದು ಸೊನ್ನೆಯಾಗಬೇಕಿತ್ತು. ಇಪ್ಪತ್ತು ನಿಮಿಷದಿಂದ ಅದನ್ನೇ ನೋಡುತ್ತ ಕೂತು ನನಗೆ ತಲೆ ಕೆಟ್ಟುಹೋಗಿತ್ತು.

ಆಸ್ಪತ್ರೆಯೊಂದರ ಕಂಪ್ಯೂಟರ್ ದಾಖಲೆಗಳೆಲ್ಲ ಆಗ ನನ್ನ ಸುಪರ್ದಿಯಲ್ಲಿದ್ದವು. ತಿಂಗಳಿಗೊಮ್ಮೆ ಅವುಗಳ ಪ್ರತಿ ತೆಗೆಯುವ ಮುಂಚೆ ಎಲ್ಲರನ್ನೂ ತಡೆಯುವ ಆಜ್ಞೆಯೊಂದನ್ನು ಕಂಪ್ಯೂಟರಿಗೆ ಕೊಡುತ್ತಿದ್ದೆ. ಕೆಲಸದ ನಡುವೆ ಇದ್ದವರು ಅದನ್ನು ಮುಗಿಸಬಹುದು. ಹೊಸದಾಗಿ ಯಾರೂ ಏನನ್ನೂ ಶುರುಮಾಡುವಂತಿಲ್ಲ. ಇನ್ನೂ ಕೆಲಸದಲ್ಲಿರುವವರು ಎಷ್ಟು ಮಂದಿ ಎಂದು ಆ ಅಂಕೆ ತೋರಿಸುತ್ತದೆ, ಎಲ್ಲರೂ ಮುಗಿಸಿದರೆ ಸೊನ್ನೆಗೆ ಇಳಿಯುತ್ತದೆ. ಐದು ನಿಮಿಷದ ಮಾತು. ಅವತ್ತು ಮಾತ್ರ ಒಬ್ಬ ಮಹಾನುಭಾವ ಮುಗಿಸಲೊಲ್ಲ. ಬ್ಲಡ್ ಬ್ಯಾಂಕಿನ ಗುಮಾಸ್ತ ಶೆಟ್ಟೆಪ್ಪ.

ನನ್ನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಔಷಧಿ ಕೊಡುವವರು ಬೈದರು, ಎಕ್ಸ್‌ರೇಯವರು ಬೈದರು, ಚೀಟಿ ಬರೆಯುವ ಕಿಟಕಿಯ ಪದ್ಮಾವತಿ ಸಾಲು ಗೇಟಿನ ತನಕ ಹೋಗಿದೆ ಎಂದು ಮೂರು ಸಲ ಹೇಳಿದಳು. ಶೆಟ್ಟೆಪ್ಪನ ಫೋನು ಸದಾ ಎಂಗೇಜು. ಅವನ ಕೆಲಸ ಮುಚ್ಚಿಸಿ ಕಂಪ್ಯೂಟರಿನಿಂದ ಹೊರದಬ್ಬುವ ಗುಂಡಿಯೂ ನನ್ನ ಬಳಿ ಇತ್ತು, ಒತ್ತಲು ಕೈ ತುರಿಸುತ್ತಿತ್ತು. ಮೊದಲು ಎದುರಿಗೇ ನಾಲ್ಕು ಮಾತು ಬೈದು ಬರೋಣವೆಂದು ಎದ್ದು ಹೋದೆ.

ಅವನು ತನ್ನ ಕಂಪ್ಯೂಟರಿನಲ್ಲಿ ಅರ್ಧ ತುಂಬಿದ ಫಾರಂ ಮುಂದೆ ಕೈಕಟ್ಟಿ ಕೂತಿದ್ದ. ಇಲ್ಲೇನು ಜಪ ಮಾಡುತ್ತಿದ್ದೀರಾ ಎಂದು ರೇಗಿದೆ.

“ಇದನ್ನ ಮುಚ್ಚಿದ್ರ ಬಾಟಲಿ ಕೈಬಿಡ್ತದರಿ ಮೇಡಂ.”

ಅಪರೂಪದ ಗುಂಪಿನ ರಕ್ತ. ಉಳಿದದ್ದು ಒಂದೇ ಬಾಟಲಿ. ಹೆರಿಗೆ ಕಷ್ಟವಾಗಿ ಬಂದ ಹೆಂಗಸಿಗೆ ಅದು ಬೇಕಿತ್ತು, ಇನ್ನೊಂದು ವಾರ್ಡಿನವರೂ ಅದರ ಮೇಲೆ ಕಣ್ಣಿಟ್ಟಿದ್ದರು. ಫಾರಂ ತೆರೆದಿಟ್ಟಷ್ಟು ಹೊತ್ತು ಬಾಟಲಿ ಬೇರೆಯವರ ಹೆಸರಿಗೆ ಹೋಗುವುದಿಲ್ಲ. ಈ ಉಪಾಯ ಶೆಟ್ಟೆಪ್ಪನೇ ಕಂಡುಕೊಂಡದ್ದು, ನನಗೂ ಗೊತ್ತಿರಲಿಲ್ಲ.

ಹಾಗಾದರೆ ತುಂಬಿ ಮುಗಿಸಿ ಎಂದೆ.

“ಆಕಿ ಚೀಟಿ ನಂಬರ್ ಬೇಕಲ್ರಿ. ಗಂಡ ಚೀಟಿ ಸಾಲಿನ್ಯಾಗ ನಿಂತಾನ. ನಾನೂ ಪದ್ಮಾವತಿಗೆ ಫೋನ್ ಮಾಡಿ ಮಾಡಿ ಸಾಕಾತು. ಯಾರೋ ಎಲ್ಲಾ ಬಂದ್ ಮಾಡಿ ಕುಂತಾರಂತ.”

ಆ ಯಾರೋ ನಾನೇ. ಅವನು ಮುಗಿಸಲಿ ಎಂದು ನಾನು ಕಾಯುತ್ತಿದ್ದೆ, ನಾನು ಬಿಡಲಿ ಎಂದು ಅವನು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಗುಂಡಿ ಒತ್ತಿಯೇ ಬಂದಿದ್ದರೆ? ಬೈಯುವ ನನ್ನ ಚಟ ಒಂದು ಸಲವಾದರೂ ಉಪಯೋಗಕ್ಕೆ ಬಂದಿತ್ತು.

ಓಡಿ ಬಂದು ತಡೆ ತೆಗೆದೆ. ಅಂಕೆ ಒಂದರಿಂದ ನಲವತ್ತಕ್ಕೆ ಹಾರಿತು. ಕೆಲಸದಲ್ಲಿರುವವರ ಹೆಸರುಗಳ ಪಟ್ಟಿಯಲ್ಲಿ ಶೆಟ್ಟೆಪ್ಪನ ಹೆಸರೊಂದನ್ನೇ ನೋಡುತ್ತಿದ್ದೆ. ಆರು ನಿಮಿಷದ ಮೇಲೆ ಅದು ಮಾಯವಾಯಿತು, ಅವನ ಫಾರಂ ಮುಗಿದಿತ್ತು.

ಕಿಟಕಿಯಾಚೆ ಆಯಾ ಒಬ್ಬಳು ಬಾಟಲಿಯನ್ನು ಎದೆಗವಚಿಕೊಂಡು ಹೆರಿಗೆ ವಾರ್ಡಿನತ್ತ ಓಡುತ್ತಿದ್ದಳು. ಅವಳು ಬಾಗಿಲು ದಾಟುವವರೆಗೆ ನೋಡಿ, ತೆರೆಯ ಕಡೆ ತಿರುಗಿದೆ. ಅಂಕೆ ನಲವತ್ತಮೂರು ತೋರಿಸುತ್ತಿತ್ತು. ಅವತ್ತು ಅದನ್ನು ಸೊನ್ನೆಗಿಳಿಸಲು ನನಗೆ ಮನಸ್ಸಾಗಲಿಲ್ಲ.