ಒಂದು ಚಮಚ ಹರಳು

ಬೇಸಿಗೆ ಬಂತೆಂದರೆ ದರ್ಜಿ ಅಜ್ಜಿಗೆ ತನ್ನ ಹೊಟ್ಟೆಗಿಂತ ಕುಂಡಗಳ ಚಿಂತೆಯೇ ಹೆಚ್ಚು. ಮೂರನೇ ಮಹಡಿಯ ಬಾಲ್ಕನಿ; ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದೊಳಗೆ ಮಂಗಮಾಯ. ಅದಕ್ಕಾಗಿ ಅವಳು ಮಾಡದ ಸರ್ಕಸ್ಸಿಲ್ಲ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸುವಳು, ಹಳೇ ಗೊಬ್ಬರ ಸೇರಿಸುವಳು, ಮೇಲೆ ಹೊಲಿಗೆಯಲ್ಲಿ ಉಳಿದ ಹತ್ತಿಬಟ್ಟೆಯ ಚೂರುಗಳನ್ನು ಹಾಸುವಳು. ಹೀಗಾಗಿ ಅವಳ ಗಿಡಗಳೆಲ್ಲ ಯಾರದೋ ಅಂಗಿಯ ತೋಳು, ಯಾರದೋ ದಿಂಬಿನ ಅಂಚು ಹೊದ್ದುಕೊಂಡು ನಿಂತಿರುತ್ತಿದ್ದವು.

ಈ ಸಲ ನರ್ಸರಿಯವನು ಹೊಸದೊಂದನ್ನು ಕೊಟ್ಟಿದ್ದ: ನೀರು ಹೀರುವ ಹರಳು. ನೋಡಲು ಥೇಟ್ ದಪ್ಪ ಸಕ್ಕರೆ. ನೀರು ಬಿದ್ದರೆ ಉಬ್ಬಿ ಲೋಳೆಯಾಗಿ, ಮಣ್ಣು ಒಣಗಿದಾಗ ಆ ನೀರನ್ನು ಬೇರಿಗೆ ಬಿಟ್ಟುಕೊಡುತ್ತದೆ.

"ಒಂದು ಪಾಟ್‌ಗೆ ಒಂದೇ ಚಿಟಿಕೆ ಅಮ್ಮ. ಮಕ್ಕಳ ಕೈಗೆ ಮಾತ್ರ ಸಿಗಬಾರ್ದು, ಹೊಟ್ಟೆ ಒಳಗೂ ಹಿಂಗೇ ಉಬ್ಬುತ್ತೆ," ಎಂದಿದ್ದ.

"ಗೊತ್ತು ಬಿಡಪ್ಪ," ಎಂದವಳು, ಕುಂಡಗಳಿಗೆಲ್ಲ ಚಿಟಿಕೆ ಚಿಟಿಕೆ ಹಾಕಿ ಉಳಿದ ಒಂದು ಚಮಚದಷ್ಟನ್ನು ಅಂಗಿಯ ಗುಂಡಿ ಹಾಕಿಡುವ ಸೀಸೆಗೆ ಸುರಿದು ಬಾಲ್ಕನಿಯ ಕಟ್ಟೆಯ ಮೇಲಿಟ್ಟಳು. ಎಲ್ಲ ಗೊತ್ತಿದ್ದವರ ಕಥೆಯೇ ಇಷ್ಟು.

ಆ ಮಧ್ಯಾಹ್ನ ಅವಳು ಕಾಲರ್ ಹೊಲಿಯುತ್ತಿದ್ದಾಗ ಬಾಲ್ಕನಿ ಗಪ್‌ಚುಪ್ ಆಯಿತು. ನಾಲ್ಕು ವರ್ಷದ ಮೊಮ್ಮಗಳು ಬಟಾಣಿ ಸುಮ್ಮನಿದ್ದಾಳೆಂದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. ಹೋಗಿ ನೋಡಿದರೆ ಸೀಸೆ ಖಾಲಿ. ಬಟಾಣಿಯ ಅಂಗೈಗೆ ಒಂದೆರಡು ಹರಳು ಅಂಟಿದ್ದವು, ತುಟಿಯ ಮೇಲೊಂದು.

"ತಿಂದ್ಯಾ?" ತನ್ನ ದನಿ ಅಜ್ಜಿಗೇ ಗುರುತು ಸಿಗಲಿಲ್ಲ.

ಬಟಾಣಿ ಅಜ್ಜಿಯ ಮುಖವನ್ನೇ ನೋಡಿ, ನಿಧಾನಕ್ಕೆ ತಲೆಯಾಡಿಸಿದಳು. ಹೌದು.

ಅಜ್ಜಿ ಬಟಾಣಿಯ ಅಮ್ಮನಿಗೆ ಫೋನ್ ಮಾಡಿದಳು. ಪಕ್ಕದ ಬೀದಿಯ ಬೇಕರಿಯಲ್ಲಿ ಕೆಲಸ ಮಾಡುವ ಮಗಳು ಸುದ್ದಿ ಕೇಳಿದ ತಕ್ಷಣ ಕೈಯ ಹಿಟ್ಟನ್ನೂ ತೊಳೆಯದೆ ಓಡಿಬಂದಳು. ಡಾಕ್ಟರಿಗೆ ತೋರಿಸಲು ಹರಳಿನ ಖಾಲಿ ಪೊಟ್ಟಣವನ್ನು ಚೀಲಕ್ಕೆ ತುರುಕಿ, ಮಗುವನ್ನು ಎತ್ತಿಕೊಂಡಳು. ಅಜ್ಜಿ ಚಪ್ಪಲಿ ಹುಡುಕುತ್ತಿದ್ದಳು.

"ನೀನು ಬರೋದು ಬೇಡ. ನಿನ್ನ ಗಿಡ ನೋಡ್ಕೊಂಡು ಇರು," ಎಂದು ಮಗಳು ಬಾಗಿಲನ್ನು ಎಳೆದುಕೊಂಡು ಹೋದಳು.

ಆಸ್ಪತ್ರೆಯಿಂದ ಮಗಳ ಫೋನ್ ಬಂತು. "ಎಕ್ಸ್‌ರೇನಲ್ಲಿ ಅದು ಕಾಣಲ್ವಂತೆ. ಮಂಪರು ಕೊಟ್ಟು ಗಂಟಲಿಂದ ಕೊಳವೆ ಇಳಿಸ್ತಾರಂತೆ. ಈಗಷ್ಟೇ ಊಟ ಮಾಡಿದಾಳೆ, ಮಂಪರು ಕೊಡೋದೂ ಅಪಾಯ, ಕಾಯೋದೂ ಅಪಾಯ ಅಂತಿದಾರೆ. ನಿಜವಾಗ್ಲೂ ತಿಂದಿದಾಳಾ, ನೀನು ಕಣ್ಣಾರೆ ನೋಡಿದ್ಯಾ?"

ನೋಡಿರಲಿಲ್ಲ. ಮಗು ತಲೆಯಾಡಿಸಿದ್ದೊಂದೇ ಸಾಕ್ಷಿ. ಆಗ ಅಜ್ಜಿಗೆ ಫಕ್ಕನೆ ಹೊಳೆಯಿತು: ತಾನು ಕುಂಡಗಳಿಗೆ ಚಿಟಿಕೆ ಹಾಕಿದ್ದನ್ನು ಮಗು ನೋಡಿತ್ತು; ಹರಳು ಹೊಟ್ಟೆಗೆ ಹೋಗಿರದಿದ್ದರೆ ಕುಂಡಕ್ಕೇ ಹೋಗಿರಬೇಕು.

"ಸ್ವಲ್ಪ ಹೊತ್ತು ತಡೆಯೋಕೆ ಹೇಳು," ಎಂದವಳೇ ಬಕೆಟ್ ತುಂಬಿಸಿ ತಂದು ಒಂದೊಂದು ಕುಂಡಕ್ಕೂ ಸುರಿದಳು. ಒಣ ಹರಳನ್ನು ನಾರಿನ ಪುಡಿಯಲ್ಲಿ ಹುಡುಕುವುದು ಅವಳ ಕಣ್ಣಿಗೆ ಆಗದ ಕೆಲಸ. ನೀರು ಕುಡಿದರೆ ಅದೇ ಎದ್ದು ಬರಬೇಕು. ನೀರು ಕುಂಡ ತುಂಬಿ, ನೆಲ ತುಂಬಿ, ಕೆಳಗಿಳಿಯಿತು.

"ಏನ್ರೀ ಅದು, ನಮ್ಮ ಬಟ್ಟೆ ಮೇಲೆ ಹೊಳೆ ಹರಿಸ್ತಿದೀರಾ?" ಕೆಳಮನೆಯಾಕೆ ಕೂಗಿದಳು. ಅಜ್ಜಿಗೆ ಕೇಳಿಸಲೇ ಇಲ್ಲ.

ಅವಳು ಕುಂಡದಿಂದ ಕುಂಡಕ್ಕೆ ಕಣ್ಣು ಹಾಯಿಸುತ್ತ ನಿಂತಳು. ಬಟ್ಟೆಚೂರುಗಳು ಒದ್ದೆಯಾಗಿ ಮಣ್ಣಿಗೆ ಅಂಟಿಕೊಂಡಿದ್ದವು. ಒಂದೂ ಅಲುಗಲಿಲ್ಲ. ಈ ಹೊತ್ತಿಗೆ ಆ ಪುಟ್ಟ ಹೊಟ್ಟೆಯಲ್ಲೂ ಹೀಗೇ ನೀರು ಸೇರಿ ಹರಳು ಉಬ್ಬುತ್ತಿದ್ದರೆ? ದೇವರೇ, ಎಲ್ಲ ಗಿಡ ಸಾಯಲಿ, ಒಂದು ಕುಂಡ ಉಬ್ಬಲಿ ಎಂದು ಬೇಡಿಕೊಂಡಳು.

ಕೊನೆಗೆ ಮೂಲೆಯಲ್ಲಿದ್ದ ಬಾಡಿದ ಸೇವಂತಿಗೆಯ ಕುಂಡದಲ್ಲಿ ನೀಲಿ ಬಟ್ಟೆಯೊಂದು ಮೆಲ್ಲಗೆ ಮೇಲೇರತೊಡಗಿತು. ಅಜ್ಜಿ ಅದನ್ನು ಕಿತ್ತೆಸೆದಳು. ಅಡಿಯಲ್ಲಿ ಲೋಳೆಯ ರಾಶಿ ಇನ್ನೂ ಉಬ್ಬುತ್ತಲೇ ಇತ್ತು. ಒಂದು ಚಿಟಿಕೆಯದಲ್ಲ ಅದು, ಇಡೀ ಸೀಸೆಯದು.

ಕೆಸರುಗೈಯಲ್ಲೇ ಮಗಳಿಗೆ ಫೋನ್ ಮಾಡಿದಳು. "ಪಾಟ್‌ನಲ್ಲಿದೆ ಕಣೇ! ಎಲ್ಲಾ ಪಾಟ್‌ನಲ್ಲೇ ಇದೆ!"

"ಇವಳು ತಿಂದೆ ಅಂತಲೇ ಹೇಳ್ತಿದಾಳಮ್ಮ. ಇವಳು ಹಂಗಂದ್ರೆ ಡಾಕ್ಟ್ರು ಹೆಂಗೆ ಬಿಡ್ತಾರೆ? ಒಳಗೆ ಕರ್ಕೊಂಡು ಹೋಗೋಕೆ ಬಂದಿದಾರೆ."

"ಅವಳ ಕೈಗೆ ಫೋನ್ ಕೊಡು." ಅಜ್ಜಿ ಮಗುವಿನ ಉಸಿರು ಕೇಳಿಸುವವರೆಗೆ ಕಾದಳು. "ಬಟಾಣಿ, ಹರಳನ್ನ ಪಾಟ್‌ಗೆ ಹಾಕಿದ್ದು ನೀನೇ ಅಲ್ವಾ ಕಂದಾ?"

"ಇಲ್ಲ ಅಜ್ಜಿ. ನಾನು ಪಾಟ್ ಮುಟ್ಟೇ ಇಲ್ಲ. ತಿಂದೆ."

ಅಜ್ಜಿಗೆ ಹೋದ ವಾರ ಈ ಮಗು ಮೊಗ್ಗು ಕಿತ್ತಾಗ ತಾನು ಸೂಜಿ ತೋರಿಸಿ, ಇನ್ನೊಂದು ಸಲ ಪಾಟ್ ಮುಟ್ಟಿದರೆ ಬೆರಳು ಬೆರಳು ಸೇರಿಸಿ ಹೊಲಿದುಬಿಡುತ್ತೇನೆ ಎಂದು ಗದರಿಸಿದ್ದು ನೆನಪಾಯಿತು. ಅಜ್ಜಿ ಆ ಮಾತನ್ನು ಅಲ್ಲಿಗೇ ಮರೆತಿದ್ದಳು. ತಿಂದದ್ದಕ್ಕೆ ಮಾತ್ರ ಈ ಮನೆಯಲ್ಲಿ ಬಟಾಣಿಯನ್ನು ಯಾರೂ ಯಾವತ್ತೂ ಬೈದಿರಲಿಲ್ಲ.

"ನಾನು ಹೊಲಿಯಲ್ಲ ಕಂದಾ. ಆಣೆ ಮಾಡಿ ಹೇಳ್ತೀನಿ."

ಆ ಕಡೆ ಯಾರೋ ಗಾಲಿ ಮಂಚ ತಳ್ಳಿಕೊಂಡು ಬಂದದ್ದು ಕೇಳಿಸಿತು.

"ಸೂಜಿ ಎಲ್ಲಿದೆ?" ಬಟಾಣಿ ಪಿಸುಗುಟ್ಟಿದಳು.

ಸೂಜಿ ಎಂದಿನಂತೆ ಅಜ್ಜಿಯ ಎದೆಯ ಮೇಲೆ, ಬಟ್ಟೆಗೇ ಚುಚ್ಚಿಕೊಂಡಿತ್ತು. ಅವಳು ಅದನ್ನು ಕಿತ್ತು ಕುಂಡದ ಕೆಸರಿನೊಳಗೆ ಒತ್ತಿಬಿಟ್ಟಳು. "ಇಲ್ಲಮ್ಮ. ನನ್ನ ಹತ್ರ ಇಲ್ಲ. ಹೇಳು ಬಂಗಾರ."

"ಗಿಡಕ್ಕೆ ಬಾಯಾರಿಕೆ ಆಗಿತ್ತು. ಅದಕ್ಕೆ ಎಲ್ಲಾ ಹಾಕ್ದೆ," ಎಂದಿತು ಮಗು. "ಒಂದೇ ಒಂದು ನೆಕ್ಕಿದೆ. ಚಪ್ಪೆ ಇತ್ತು. ಉಗಿದ್ಬಿಟ್ಟೆ."

"ಡಾಕ್ಟ್ರೇ, ನಿಲ್ಲಿ, ನಿಲ್ಲಿ!" ಎಂದು ಮಗಳು ಕೂಗಿದ್ದು ಕೇಳಿ ಅಜ್ಜಿ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟಳು. ಮಗು ಉಳಿಯಿತು ಎಂಬ ಸಮಾಧಾನ ಪೂರ್ತಿಯಾಗಿ ಬರುವ ಮೊದಲೇ ಇನ್ನೊಂದು ಹೆದರಿಕೆ ಅವಳನ್ನು ಹಿಡಿದುಕೊಂಡಿತು. ಸಂಜೆ ಮನೆಗೆ ಬಂದ ಬಟಾಣಿ ತನ್ನನ್ನು ಕಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಬಾಗಿಲಲ್ಲೇ ನಿಂತುಬಿಟ್ಟರೆ?