ಉಣಿಸಿದ ಗಂಟೆಗಳು

ಇನ್ನೊಬ್ಬರ ಹೇಲು ಮುಟ್ಟುವುದಿಲ್ಲ ಎಂದು ಅಪ್ಪನಿಗೆ ಭಾಷೆ ಕೊಟ್ಟಾಗ ನನಗೆ ಹನ್ನೊಂದು ವರ್ಷ. ಅಪ್ಪ ಅಂದಾನಿ ಚಾಮರಾಜನಗರದ ಕಡೆಯ ನಮ್ಮೂರಿನಲ್ಲಿ ಕಕ್ಕಸು ಬಳಿದು, ತಗಡಿನ ಡಬ್ಬದಲ್ಲಿ ಹೊತ್ತು ಊರಾಚೆ ಸುರಿದು ಬರುತ್ತಿದ್ದವನು. ಆವತ್ತು ಡಬ್ಬದ ತಳ ಕಿತ್ತು ಬಂದು ತಲೆಯಿಂದ ಸೊಂಟದವರೆಗೂ ಇಳಿದಿತ್ತು. ಅಂಗಡಿ ಬೀದಿಯ ಜನ ಮೂಗು ಮುಚ್ಚಿಕೊಂಡೇ ನಕ್ಕಿದ್ದರು. ಅಪ್ಪ ಗುಡಿಸಲ ಹಿಂದೆ ಕೂತು ಅವ್ವನ ಕೈಲಿ ಮೂರು ಕೊಡ ನೀರು ಹುಯ್ಯಿಸಿಕೊಂಡ. ಆಮೇಲೆ ನನ್ನನ್ನು ಕರೆದ.

"ಬಾ ಇಲ್ಲಿ. ಕೈ ಕೊಡು."

"ನಾತ ಕನಪ್ಪ."

"ನಾತ ಅಂತ್ಲೇ ಕೇಳ್ತಿರದು, ಕೊಡವ್ವ. ಈ ಸುಡುಗಾಡ್ ಕೆಲ್ಸ ನನ್ ತಲ್ಗೇ ಮುಗ್ದೋಗ್ಲಿ. ಇನ್ನೊಬ್ರ ಹೇಲ ನಾ ಮುಟ್ಟಕಿಲ್ಲ ಅನ್ನು."

"ಮುಟ್ಟಕಿಲ್ಲ ಕನಪ್ಪ."

ಆ ಮಾತು ಹದಿನೇಳು ವರ್ಷ ನಡೆಯಿತು. ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ, ಚೆನ್ನೈನ ಬೆಸೆಂಟ್ ನಗರದ ಒಂದು ಮನೆಯಲ್ಲಿ ಮುರಿಯಿತು.

ಮದುವೆಯಾದ ಮೇಲೆ ಗಂಡ ಭೋಜರಾಜ ನನ್ನನ್ನೂ ಕರೆದುಕೊಂಡು ಚೆನ್ನೈ ಅಂಚಿನ ಮಣಲಿಗೆ ಬಂದ. ಕಂತ್ರಾಟುದಾರನ ಕೈಕೆಳಗೆ ಎಣ್ಣೆ ಟ್ಯಾಂಕಿಗಿಳಿದು ಕೆಸರು ಬಾಚುವ ಕೆಲಸ. ಒಂದು ದಿನ ಇಳಿದವನು ಹತ್ತಲಿಲ್ಲ. ಕಂತ್ರಾಟುದಾರ ಒಂದು ಬಿಳಿ ಬಟ್ಟೆ ತಂದು ಹೊದಿಸಿ, ಊರಿಗೆ ಸಾಗಿಸಲು ವ್ಯಾನು ಗೊತ್ತು ಮಾಡಿಕೊಟ್ಟು, ಮಾರನೇ ದಿನದಿಂದ ನನ್ನ ಗುರುತೇ ಇಲ್ಲದವನ ಹಾಗಾದ. ಮಗಳು ರಚನಾಳಿಗೆ ಆಗಿನ್ನೂ ಎರಡು ತುಂಬಿರಲಿಲ್ಲ.

ಎರಡು ವರ್ಷ ಅಲ್ಲಿ ಇಲ್ಲಿ ಕಲ್ಲು ಹೊತ್ತ ಮೇಲೆ ತ್ರಿಪ್ಲಿಕೇನಿನ ಸಮುದಾಯ ಕಾಲೇಜಿನ ಸುದ್ದಿ ಕಿವಿಗೆ ಬಿತ್ತು. ಹಳೇ ಲಾಡ್ಜೊಂದರ ಮೇಲಿನ ಎರಡು ಅಂತಸ್ತು, ಅಷ್ಟೇ ಕಾಲೇಜು. ಓದು ಅರ್ಧಕ್ಕೆ ಬಿಟ್ಟವರಿಗೆ ಆರು ತಿಂಗಳು ಕಲಿಸಿ ಸರ್ಟಿಫಿಕೇಟು ಕೊಡುತ್ತಾರೆ. ಮೆಟ್ಟಿಲ ಬಾಗಿಲಲ್ಲೇ ಬೋರ್ಡಿತ್ತು: ಮಹಿಳಾ ವಿದ್ಯಾರ್ಥಿಗಳಿಗೆ ಫೀಸಿಲ್ಲ, ಬಸ್ ಪಾಸು, ಮಧ್ಯಾಹ್ನದ ಊಟ, ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ಅಲ್ಲಿ ಮಕ್ಕಳಿಗೆ ಹಾಲು, ಮನಸ್ಸಿಗೆ ಕಷ್ಟವಾದರೆ ಕೌನ್ಸೆಲಿಂಗ್. ನಾನು ರೋಗಿಗಳ ಆರೈಕೆಯ ಕೋರ್ಸಿಗೆ ಸೇರಿದೆ. ಪಾಸಾದವರನ್ನು ಒಂದು ನರ್ಸಿಂಗ್ ಹೋಮಿನವರು ತೆಗೆದುಕೊಳ್ಳುತ್ತಿದ್ದರು. ಸರ್ಟಿಫಿಕೇಟು ಇಲ್ಲದವಳನ್ನು ಅವರ ಗೇಟಿನ ವಾಚ್‌ಮನ್ನೂ ಮಾತಾಡಿಸುವುದಿಲ್ಲ.

ಪಾಠ ಹೇಳುತ್ತಿದ್ದ ಮುದಿ ನರ್ಸಮ್ಮ ಮೊದಲ ದಿನವೇ ತಮಿಳಿನಲ್ಲಿ ಹೇಳಿಬಿಟ್ಟರು: "ರೋಗಿಯ ಬಾಯಿಗೂ ನೀನೇ, ಬುಡಕ್ಕೂ ನೀನೇ. ಆಗ ನೀನು ನರ್ಸು. ಬರೀ ಬುಡಕ್ಕಾದರೆ ನೀನು ಕಕ್ಕಸು ಬಳಿಯುವ ತೋಟಿ." ಆ ಮಾತನ್ನು ನೆಚ್ಚಿಕೊಂಡೇ ಅಪ್ಪನ ಮಾತನ್ನು ಪಕ್ಕಕ್ಕಿಟ್ಟೆ.

ಕೊನೆಯ ಎರಡು ತಿಂಗಳು ಪ್ರಾಕ್ಟಿಕಲ್. ಕಾಲೇಜಿನ ಮಹಿಳಾ ಬೆಂಬಲ ಸಮಿತಿಯವರ ಮನೆಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಬೇಕು. ಸಂಬಳವಿಲ್ಲ, ಕಲಿಕೆ. ಕೈಗೊಂದು ಲಾಗ್ ಪುಸ್ತಕ ಕೊಟ್ಟಿದ್ದರು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಮಲಮೂತ್ರ ತೆಗೆಯುವುದು, ಮಗ್ಗುಲು ತಿರುಗಿಸುವುದು, ಉಣಿಸುವುದು, ಒಂದೊಂದಕ್ಕೂ ಒಂದು ಕಾಲಂ. ಒಂದೊಂದರಲ್ಲೂ ಇಪ್ಪತ್ತು ಗಂಟೆ ತುಂಬಿ ಮನೆಯವರ ಸಹಿ ಬೀಳಬೇಕು. ಒಂದು ಕಾಲಂ ಖಾಲಿ ಉಳಿದರೂ ಫೇಲು.

ನನ್ನನ್ನು ಹಾಕಿದ್ದು ಸಮಿತಿಯ ಅಧ್ಯಕ್ಷೆ ಗೋದಾಬಾಯಿಯವರ ಮನೆಗೆ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು, ಮಾತಿನಲ್ಲಿ ತಮಿಳು ಬೆರೆತಿತ್ತು. ಹಾಸಿಗೆ ಹಿಡಿದಿದ್ದವರು ಅವರ ಅತ್ತೆ. ಎಂಬತ್ತೆರಡು ವರ್ಷ, ಬಲಗೈ ಬಲಗಾಲು ಬಿದ್ದುಹೋಗಿತ್ತು, ಸಕ್ಕರೆ ಕಾಯಿಲೆ ಬೇರೆ. ಬಾಯಿ ಮಾತ್ರ ನೆಟ್ಟಗಿತ್ತು.

"ಕನ್ನಡದೋಳೇ ಸಿಕ್ಕಿದ್ಯಲ್ಲಮ್ಮಾ, ರೊಂಬ ಸಂತೋಷ," ಎಂದು ಗೋದಾಬಾಯಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. "ನಿಮ್ಮದು ಯಾವ ಪೈಕಿ?"

ನಾನು ಹೇಳಿದೆ.

ಅವರ ಮುಖದ ನಗು ಹಾಗೇ ಇತ್ತು. "ಪರವಾಯಿಲ್ಲೆ. ನಮಗೆ ಅದೆಲ್ಲಾ ಏನೂ ಇಲ್ಲ. ಹಿತ್ತಲ ಕಡೆ ಬಾಗಿಲಿದೆ ನೋಡು, ಅತ್ತೆ ರೂಮಿಗೆ ಅದೇ ಹತ್ತಿರ. ಅಡುಗೆಮನೆ ಕಡೆ ಮಾತ್ರ ಬರಬೇಡ, ಏನ್? ಅತ್ತೆಗೆ ಮಡಿ. ಊಟ, ನೀರು ನಾನೇ ಪಾತ್ಕೋತೀನಿ."

ರೂಮಿಗೆ ಹೋಗಿ ಮುಟ್ಟಿದ ತಕ್ಷಣ ಅಜ್ಜಿ ಕಿರುಚಿದರು. "ಮುಟ್ಟಬೇಡವೇ ಮುಂಡೇದೇ! ಗೋದಾ, ಯಾವಳೇ ಇವಳು?"

"ಕಾಲೇಜು ಹುಡುಗಿ ಅತ್ತೆ. ಕ್ಲೀನ್ ಮಾಡಿ ಹೋಗ್ತಾಳೆ. ಆಮೇಲೆ ನಾನು ನೀರು ಪ್ರೋಕ್ಷಣೆ ಮಾಡ್ತೀನಿ, ಶರೀನಾ?"

ಹಾಗೇ ನಡೆಯಿತು. ನಾನು ಬುಡ ತೊಳೆದು, ಮೈ ಒರೆಸಿ, ಬೆನ್ನಿನ ಹುಣ್ಣಿಗೆ ಪುಡಿ ಹಾಕಿ, ಸೀರೆ ಸುತ್ತಿ ಹಿತ್ತಲಿಗೆ ಹೋಗಿ ನಿಲ್ಲಬೇಕು. ಗೋದಾಬಾಯಿ ಒದ್ದೆ ಸೀರೆಯಲ್ಲಿ ಬಂದು, ಹಾಸಿಗೆಯ ಸುತ್ತ ನೀರು ಚಿಮುಕಿಸಿ, ಅತ್ತೆಗೆ ಉಣಿಸಬೇಕು. ಉಂಡದ್ದು ಹೊರಗೆ ಬಂದಾಗ ನನ್ನನ್ನು ಕೂಗಬೇಕು.

ವಾರದ ಕೊನೆಗೆ ಪುಸ್ತಕ ಚಾಚಿದೆ. ಎಲ್ಲಾ ಕಾಲಮಿಗೂ ದುಂಡಗೆ ಸಹಿ ಹಾಕಿದರು. ಉಣಿಸುವ ಕಾಲಮಿನ ಹತ್ತಿರ ಪೆನ್ನು ನಿಂತಿತು.

"ಇದು ನೀನು ಮಾಡಿಲ್ವಲ್ಲಮ್ಮಾ."

"ನೀವು ಬುಡ್ನಿಲ್ವಲ್ಲ ಅಮ್ಮಾವ್ರೇ."

"ಮಾಡದೇ ಇದ್ದಿದ್ದಕ್ಕೆ ಸಹಿ ಹಾಕೋದು ಪಾಪ. ಸುಳ್ಳು ಮಾತ್ರ ನನ್ನ ಕೈಲಿ ಆಗೋದಿಲ್ಲ ನೋಡು."

ಎರಡನೇ ವಾರವೂ ಅದೇ. ಐದನೇ ವಾರವೂ ಅದೇ.

ಕಾಲೇಜಿನ ಮಧ್ಯಾಹ್ನದ ಊಟಕ್ಕೆ ಕೂತಾಗ ರತ್ನಾವತಿಗೆ ಪುಸ್ತಕ ತೋರಿಸಿದೆ. ಅವಳೂ ನಮ್ಮ ಕಡೆಯವಳೇ, ನಮ್ಮ ಜನವೇ. ಅವಳ ಪುಸ್ತಕದ ಉಣಿಸುವ ಕಾಲಂ ನಾಲ್ಕನೇ ವಾರಕ್ಕೇ ತುಂಬಿಹೋಗಿತ್ತು.

"ಅದೆಂಗಮ್ಮಿ?"

"ನಾ ಹೋಗೋ ಮನೆಯೋರೂ ಕೇಳುದ್ರು, ಯಾವ ಪೈಕಿ ಅಂತ. ಲಿಂಗದೋರು ಅಂದೆ." ಅವಳು ಅನ್ನ ಕಲಸುತ್ತಲೇ ನಕ್ಕಳು. "ಮಾಂಸ ತಿಂದ್ರೆ ವಾಂತಿ ಬತ್ತದೆ ಅಂತ್ಲೂ ಅಂದೆ. ಮೊನ್ನೆ ಅವ್ರ್ ಮನ ಮಗೀಗೆ ಹೆಸ್ರಿಡೂವಾಗ ನನ್ ಕೈಲೇ ಜೇನುತುಪ್ಪ ನೆಕ್ಕುಸುದ್ರು ಕನ. ನೀ ಯಾಕ ಬಾಯ್ಬುಟ್ಟೆ, ಹುಚ್ಮುಂಡೆ?"

ಕೇಳಿದರು, ಹೇಳಿದೆ. ಅಷ್ಟೇ.

ಆರನೇ ವಾರ ಕಾಲೇಜಿನ ವಾರ್ಷಿಕೋತ್ಸವ ದ್ವಾದಶಿಯ ದಿನ ಬಂತು. ಹಿಂದಿನ ದಿನ ಏಕಾದಶಿ. ಡಾಕ್ಟರು ಬೇಡವೆಂದಿದ್ದರೂ ಅಜ್ಜಿ ಉಪವಾಸ ಬಿಟ್ಟಿರಲಿಲ್ಲ. ದ್ವಾದಶಿ ಬೆಳಗಾದರೆ ಅವರ ಮನೆಯಲ್ಲಿ ಬೇಗ ಊಟ. ಗೋದಾಬಾಯಿ ಗಂಜಿ ಮಾಡಿ ಮುಚ್ಚಿಟ್ಟು, ಅತ್ತೆಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಸಿ, ರೇಷ್ಮೆ ಸೀರೆ ಉಟ್ಟರು.

"ಒಂದು ದೀಪ ಹಚ್ಚಿ, ಎರಡು ಮಾತಾಡಿ ಓಡಿ ಬಂದ್ಬಿಡ್ತೀನಿ. ಎಂಟೂವರೆಗೆಲ್ಲಾ ಇಲ್ಲಿರ್ತೀನಿ. ಬಂದು ನಾನೇ ಕೊಡ್ತೀನಿ," ಎಂದು ಕಾರು ಹತ್ತಿದರು.

ಒಂಬತ್ತಾಯಿತು. ಹತ್ತಾಯಿತು. ಹತ್ತೂಕಾಲಿಗೆ ಅಜ್ಜಿಯ ಹಣೆಯಲ್ಲಿ ಬೆವರು ಒಡೆಯಿತು. ಎಡಗೈ ನಡುಗುತ್ತಿತ್ತು. ಮಾತು ತೊದಲಿತು. ಸಕ್ಕರೆ ಇಳಿದರೆ ಹೀಗಾಗುತ್ತದೆ, ತಡಮಾಡಬಾರದು ಎಂದು ನರ್ಸಮ್ಮ ಬೋರ್ಡಿನ ಮೇಲೆ ಬರೆದು ಕಲಿಸಿದ್ದರು. ಕಾಲೇಜಿಗೆ ಫೋನು ಮಾಡಿದೆ. ಎತ್ತಿದವನು, ಮೇಡಂ ವೇದಿಕೆ ಮೇಲೆ ಮಾತಾಡುತ್ತಿದ್ದಾರೆ, ಈಗ ಕರೆಯಲು ಆಗುವುದಿಲ್ಲ ಎಂದ.

"ಲೇ... ಕೊಡೇ," ಎಂದರು ಅಜ್ಜಿ.

"ನಾ ಕೊಡ್ಲಾ ಅಜ್ಜಿ?"

"ಯಾವಳಾದ್ರೂ ಕೊಡೇ ಮೂದೇವಿ, ಸಾಯ್ತೀನಿ!"

ನಾನು ಅಡುಗೆಮನೆಗೆ ಹೋದೆ. ಡಬ್ಬದಿಂದ ಸಕ್ಕರೆ ತೆಗೆದು, ತಾಮ್ರದ ಹಂಡೆಯಿಂದ ನೀರು ಮೊಗೆದು ಕಲಸಿದೆ. ತಲೆಯನ್ನು ಎದೆಗೊರಗಿಸಿಕೊಂಡು ಚಮಚ ಚಮಚ ಕುಡಿಸಿದೆ. ಐದೇ ನಿಮಿಷಕ್ಕೆ ನಡುಕ ನಿಂತಿತು. ಆಮೇಲೆ ಗಂಜಿ. ಅಜ್ಜಿ ನನ್ನ ಮಣಿಕಟ್ಟನ್ನು ಎಡಗೈಯಿಂದ ಹಿಡಿದು ಚಮಚವನ್ನು ಬಾಯಿಗೆ ಎಳೆದುಕೊಳ್ಳುತ್ತಿದ್ದರು.

"ಉಪ್ಪು ಕಮ್ಮಿ. ಆ ಗೋದಾಗೆ ಒಂದು ಗಂಜಿ ಮಾಡಕ್ಕೆ ಬರಲ್ಲ," ಎಂದರು. "ಇನ್ನೊಂದು ಚಮಚ ಹಾಕೇ."

ಬಟ್ಟಲು ತಳ ಕಾಣುವಾಗ ಬಾಗಿಲಲ್ಲಿ ರೇಷ್ಮೆ ಸರಿದ ಸದ್ದಾಯಿತು. ಗೋದಾಬಾಯಿಯ ಕೈಯಲ್ಲಿ ಸಭೆಯಲ್ಲಿ ಹಾಕಿದ್ದ ಹಾರವಿತ್ತು. ಬಟ್ಟಲು ನೋಡಿದರು. ಚಮಚ ನೋಡಿದರು.

"ಅಡುಗೆಮನೆ ಒಳಗೆ ಹೋದ್ಯಾ?"

"ಸಕ್ರೆ ಇಳ್ದೋಗಿತ್ತು ಅಮ್ಮಾವ್ರೇ. ಬೆವುತ್ಕಂಡು ನಡುಗ್ತಿದ್ರು. ಫೋನ್ ಮಾಡ್ದಿ, ನೀವು ಭಾಷ್ಣ..."

"ನಾನು ಕೇಳಿದ್ದಕ್ಕೆ ಹೇಳು. ಹೋದ್ಯಾ?"

"ಹೋದಿ."

"ಅತ್ತೆ, ನೀವು ಅವಳ ಕೈಲಿ ತಗೊಂಡ್ರಾ?"

ಅಜ್ಜಿ ನನ್ನ ಮಣಿಕಟ್ಟು ಬಿಟ್ಟರು. ಗಲ್ಲದ ಮೇಲೆ ಗಂಜಿ ಇನ್ನೂ ಒಣಗಿರಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದರು. "ಬೇಡ ಬೇಡ ಅಂದೆ. ಬಲವಂತವಾಗಿ ತುರುಕಿದಳು."

ಗೋದಾಬಾಯಿ ಬೈಯಲಿಲ್ಲ, ಕೂಗಲಿಲ್ಲ. "ನಿನ್ನದೇನೂ ತಪ್ಪಿಲ್ಲಮ್ಮಾ. ನಿಮ್ಮಲ್ಲಿ ಹೇಳಿಕೊಟ್ಟಿರೋದಿಲ್ಲ," ಎಂದರು. ಲಾರಿ ನೀರಿಗಾಗಿ ಬೀದಿಬೀದಿಯಲ್ಲಿ ಕೊಡಗಳು ಸಾಲು ನಿಂತಿದ್ದ ಬೇಸಿಗೆ ಅದು. ಎರಡು ಹಂಡೆ ತುಂಬ ಇದ್ದ ನೀರನ್ನು ನನ್ನ ಎದುರಿಗೇ ಹಿತ್ತಲ ಚರಂಡಿಗೆ ಸುರಿದರು. ಸಕ್ಕರೆ ಡಬ್ಬವನ್ನೂ ಬೋರಲು ಮಾಡಿದರು. "ನಾಳೆಯಿಂದ ಬರಬೇಡ."

ಮಾರನೇ ಬೆಳಿಗ್ಗೆ ಕಾಲೇಜಿನ ಶ್ರೀನಾಥ್ ಸರ್ ಕರೆಸಿದರು. ಮಹಿಳಾ ಬೆಂಬಲ ವಿಭಾಗ ನೋಡಿಕೊಳ್ಳುವವರು ಅವರೇ, ಕೌನ್ಸೆಲಿಂಗ್ ಕೂಡ. ಮೈಸೂರಿನವರು, ಚೆನ್ನೈಗೆ ಬಂದು ಎರಡು ವರ್ಷವಾಗಿತ್ತು.

"ಕೂತ್ಕೊಳ್ಳಿ ಬೋರಮ್ಮ. ನೀರು ಕುಡಿತೀರಾ?"

"ಬ್ಯಾಡಿ ಸಾ."

"ನೋಡಿ, ಮೇಡಂ ತುಂಬಾ ಒಳ್ಳೆಯವರು. ಕಂಪ್ಲೇಂಟ್ ಕೂಡ ಕೊಟ್ಟಿಲ್ಲ. ಅಪಾಲಜಿ ಒಂದು ಬರ್ಕೊಟ್ರೆ ಸಾಕು ಅಂದ್ರು. ನಾನೇ ಬರ್ದಿಟ್ಟಿದೀನಿ, ನೀವು ಸೈನ್ ಮಾಡಿ."

ಕಾಗದ ನನ್ನ ಕಡೆ ಸರಿಯಿತು. ಅನುಮತಿಯಿಲ್ಲದೆ ಅಡುಗೆಮನೆಯನ್ನು ಪ್ರವೇಶಿಸಿ, ರೋಗಿ ನಿರಾಕರಿಸಿದರೂ ಬಲವಂತವಾಗಿ ಆಹಾರ ತಿನ್ನಿಸಿದ್ದೇನೆ, ಇದು ನನ್ನ ಅಜ್ಞಾನದಿಂದ ಆದ ತಪ್ಪು.

"ಸೈನ್ ಹಾಕುದ್ರೆ?"

"ನಿಮ್ಮ ಲಾಗ್ ಬುಕ್ ಕಂಪ್ಲೀಟ್ ಮಾಡ್ಕೊಡ್ತಾರೆ. ಫೀಡಿಂಗ್ ಕಾಲಮ್ಮೂ ಸೇರಿ. ಇಪ್ಪತ್ತು ಗಂಟೆ."

"ಉಣ್ಸ್ದೆ ಇದ್ರೂವಾ?"

"ಹೂಂ."

"ಸುಳ್ ಸೈನು ಪಾಪ ಅಂದ್ರಲ್ಲ ಸಾ ಅವ್ರು?"

ಅವರು ಕನ್ನಡಕ ತೆಗೆದು ಒರೆಸಿದರು. "ಅದೆಲ್ಲಾ ಬಿಡಿ. ನಿಮ್ಮ ಮಗು ಬಗ್ಗೆ ಯೋಚ್ನೆ ಮಾಡಿ. ವಿದ್ಯಾರ್ಥಿನಿ ಅಲ್ಲ ಅಂತಾದ್ರೆ ಮಕ್ಕಳ ಕೋಣೆಯಲ್ಲಿ ಜಾಗ ಇರಲ್ಲ. ರೂಲ್ಸು. ನಾನು ನಿಮ್ಮ ಅಣ್ಣನ ಥರ ಹೇಳ್ತಿದೀನಿ."

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಗೋದಾಬಾಯಿಯ ದನಿ ನನಗೂ ಕೇಳಿಸುವಷ್ಟಿತ್ತು. "ಶ್ರೀನಾಥ್, ಬೇರೆ ಯಾರನ್ನಾದ್ರೂ ಕಳ್ಸಪ್ಪಾ ಶೀಘ್ರಂ. ನಿನ್ನೆ ಮಧ್ಯಾಹ್ನದಿಂದ ಅತ್ತೆ ಹಾಗೇ ಮಲಗಿದಾರೆ, ಪೂರಾ ಗಲೀಜಾಗಿಬಿಟ್ಟಿದೆ. ನನಗೆ ವಾಂತಿ ಬರತ್ತೆ, ಆಗೋದಿಲ್ಲ."

"ಎಲ್ರೂ ಡ್ಯೂಟಿಲಿದಾರೆ ಮೇಡಂ. ಬೋರಮ್ಮ ಇಲ್ಲೇ ಇದಾಳೆ. ಸೈನ್ ಹಾಕ್ತಿದಾಳೆ, ಈಗ್ಲೇ ಕಳಿಸ್ತೀನಿ."

ಅಜ್ಜಿಯ ಬೆನ್ನಿನ ಹುಣ್ಣು ನನಗೆ ಗೊತ್ತಿತ್ತು. ಐದು ವಾರದಲ್ಲಿ ಅದನ್ನು ರೂಪಾಯಿ ನಾಣ್ಯದಷ್ಟಕ್ಕೆ ಇಳಿಸಿದ್ದೆ. ಒಂದು ಇಡೀ ರಾತ್ರಿ ಹೇಲಿನಲ್ಲಿ ನೆನೆದರೆ ಅದು ಎಷ್ಟಾಗುತ್ತದೆ ಎಂದೂ ಗೊತ್ತಿತ್ತು.

ಕೈ ಚಾಚಿ ಫೋನು ತೆಗೆದುಕೊಂಡೆ. ಶ್ರೀನಾಥ್ ಸರ್ "ಏಯ್" ಎಂದರು.

"ನಾನು ಬೋರಮ್ಮ. ಬತ್ತೀನಿ. ತೊಳುದ್ಬುಟ್ಟು, ನಿಮ್ ಅಡ್ಗೆಮನ್ಲಿ ಗಂಜಿ ಕಾಯ್ಸಿ ನಾನೇ ಉಣ್ಸ್ತೀನಿ. ಉಣ್ಸಿದ್ ಗಂಟೆ ಲೆಕ್ಕ ಹಾಕಿ ಸೈನ್ ಹಾಕಿ. ನಿಜವಾದ್ ಸೈನು."

"ಎನ್ನಮ್ಮಾ ಇದು? ಎಷ್ಟು ಮಾತಾಡ್ತೀಯಾ ನೀನು? ನಿನ್ನ ಮಗುಗೆ ಹಾಲು ಕೊಡಿಸ್ತಿರೋದು ನಾನು!"

"ಆಯ್ತು ಬುಡಿ. ಉಣ್ಸಾಕೆ ಆಗ್ದಿರೋ ಕೈ ತೊಳ್ಯಾಕೂ ಆಗಕಿಲ್ಲ. ನಿಮ್ ಅತ್ತೆ ಹೇಲ ನೀವೇ ಬಳ್ಕಳಿ."

ಫೋನಿಟ್ಟೆ. ಕಾಗದವನ್ನು ಸಹಿ ಮಾಡದೆ ಅವರ ಕಡೆಗೇ ತಳ್ಳಿದೆ.

ಕೆಳಗಿನ ಮಹಡಿಯಲ್ಲಿ ಮಕ್ಕಳ ಕೋಣೆ. ರಚನಾ ಚಾಪೆಯ ಮೇಲೆ ಬೇರೆ ಮಕ್ಕಳ ನಡುವೆ ನಿದ್ದೆ ಹೋಗಿದ್ದಳು. ಎತ್ತಿ ಹೆಗಲಿಗೆ ಹಾಕಿಕೊಂಡೆ. ಆಯಾ, "ಇನ್ನೂ ಹಾಲು ಕೊಟ್ಟಿಲ್ಲವಲ್ಲ" ಎಂದು ತಮಿಳಿನಲ್ಲಿ ಹೇಳಿದಳು. ನಾನು ಮೆಟ್ಟಿಲಿಳಿದೆ.

ಬೇರೊಂದು ಮನೆಗೆ ಹಾಕಿಸಿಕೊಡಿ ಎಂದು ಎರಡು ಸಲ ಹೋಗಿ ಕೇಳಿದೆ. ಸಮಿತಿ ಒಪ್ಪಲಿಲ್ಲವಂತೆ. ರತ್ನಾವತಿ ಪಾಸಾಗಿ ನರ್ಸಿಂಗ್ ಹೋಮು ಸೇರಿದಳು. ಅಜ್ಜಿ ಆಡಿ ಮಾಸದಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಸತ್ತರೆಂದು ಅವಳೇ ಹೇಳಿದ್ದು. ಬೆನ್ನಿನ ಹುಣ್ಣು ಕೊಳೆತು ನಂಜಾಗಿತ್ತಂತೆ. ಹುಣ್ಣು ಎಷ್ಟು ದೊಡ್ಡದಾಗಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಈಗ ಬಟ್ಟೆ ಕಂಪನಿಯೊಂದರಲ್ಲಿ ಶರ್ಟಿನ ದಾರ ಕತ್ತರಿಸುತ್ತೇನೆ. ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಒಂದು ಚೊಂಬು ನೀರು, ಒಂದು ತಟ್ಟೆ ಅನ್ನ ಇಟ್ಟು, ರಚನಾಳನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತೇನೆ. ಮೊದಲ ವಾರ ಬಾಗಿಲು ಬಡಿಯುತ್ತಿದ್ದಳು. ಈಗ ಬಡಿಯುವುದಿಲ್ಲ.

ಸರ್ಟಿಫಿಕೇಟು ಬರಲಿಲ್ಲ. ಆವತ್ತಿನಿಂದ ಇನ್ನೊಬ್ಬರ ಹೇಲು ಮುಟ್ಟಿಲ್ಲ. ಅಪ್ಪನಿಗೆ ಕೊಟ್ಟ ಭಾಷೆ ಆರು ವಾರ ಮುರಿದಿತ್ತು, ಈಗ ನಡೆಯುತ್ತಿದೆ.