ಚಂದುವಿನ ಸೀರೆ

"ಇದು ಎಂತದು ಜಲಜಾಕ್ಷಿ?" ಅಮ್ಮಣ್ಣಿ ಪೊಟ್ಟಣದಿಂದ ಜರಿಯಂಚಿನ ಪುಟ್ಟ ಲಂಗವನ್ನು ಎತ್ತಿ ಹಿಡಿದಳು. "ಮದುಮಗಳಿಗೆ ಸೀರೆ ಅಲ್ವಾ ತರುವುದು?"

ಕಾಪುವಿನ ಜಲಜಾಕ್ಷಿಯ ಮನೆಯ ಜಗಲಿಯಲ್ಲಿ ಮಣೆ, ಹೂವು, ಕರಿಮಣಿ ಎಲ್ಲ ಸಿದ್ಧವಾಗಿದ್ದವು. ತೀರಿಹೋದ ಮಕ್ಕಳೂ ಆ ಲೋಕದಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆ ಮಾಡಬೇಕು ಎಂಬುದು ಇಲ್ಲಿಯ ಕ್ರಮ. ಜಲಜಾಕ್ಷಿಯ ಮಗಳು ಚಂದು ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಹೋದವಳು. ಹೂಡೆ ಊರಿನ ಅಮ್ಮಣ್ಣಿಯ ಮಗ ಹೊಳೆಯ ಪಾಲಾದವನು. ಇವತ್ತು ಅವರಿಬ್ಬರ ಮದುವೆ.

ಮಗಳು ತೀರಿಕೊಂಡ ವರ್ಷದಿಂದ ಜಲಜಾಕ್ಷಿ ಮಕ್ಕಳ ಪುಸ್ತಕ ಬರೆಯುತ್ತಿದ್ದಳು. ಕಥೆಯೂ ಅವಳದೇ, ಚಿತ್ರವೂ ಅವಳದೇ. ಎಲ್ಲದರಲ್ಲೂ ಚಂದುವೇ. ಎರಡು ಜಡೆ, ಬಿದ್ದ ಮುಂದಿನ ಹಲ್ಲು. "ಹುಡುಗಿ ಹೈಸ್ಕೂಲಿಗಾದರೂ ಹೋಗಲಿ ಮಾರಾಯ್ತಿ, ಓದುವ ಮಕ್ಕಳು ಕೇಳುತ್ತಾರೆ" ಎಂದು ಮಣಿಪಾಲದ ಪ್ರಕಾಶಕ ಫೌಸ್ಟಿನ್ ಎಷ್ಟೋ ಸಲ ಗೋಗರೆದಿದ್ದ. ಇವಳು ಜಗ್ಗಲಿಲ್ಲ. ಬೆಳೆಸಿದರೆ ಕೈತಪ್ಪಿ ಹೋಗುತ್ತಾಳೆ ಎಂಬ ಹೆದರಿಕೆ. ಹದಿನೆಂಟು ವರ್ಷ ಬರೆದೂ ಬರೆದೂ ಆ ಆರು ವರ್ಷದವಳ ಅಳತೆ ಕೈಗೆ ಕೂತುಬಿಟ್ಟಿತ್ತು. ಪಾಪ, ಉಡುಪಿಯ ಜವಳಿ ಅಂಗಡಿಯಲ್ಲೂ ಅದೇ ಅಳತೆ ತೋರಿಸಿ ಬಂದಿದ್ದಳು.

"ನನ್ನವನು ಹೋದಾಗ ಎಂಟು ವರ್ಷ." ಅಮ್ಮಣ್ಣಿ ತನ್ನ ಚೀಲದಿಂದ ದೊಡ್ಡವರ ಅಂಗಿ, ಪಂಚೆ ತೆಗೆದಳು. "ಪ್ರತಿ ವರ್ಷ ಅಷ್ಟಮಿಗೆ ಅವನಿಗೊಂದು ಅಂಗಿ ತೆಗೆಯುತ್ತಿದ್ದೆ, ಸೈಜ್ ದೊಡ್ಡದು ಮಾಡಿ ಮಾಡಿ. ನಾವು ಬೇಡ ಅಂದರೆ ಮಕ್ಕಳು ಬೆಳೆಯದೆ ಇರುತ್ತಾರಾ?"

ಜಲಜಾಕ್ಷಿಗೆ ಸಿಟ್ಟು ಬಂತು. ಆ ಅಂಗಿಯ ಮೇಲೆ ಹೊಟ್ಟೆಕಿಚ್ಚೂ ಆಯಿತು. ಇವಳ ಮಗ ಇಷ್ಟು ವರ್ಷ ಇವಳ ಕಣ್ಣೆದುರೇ ಬೆಳೆದಿದ್ದನಲ್ಲ! ಒಳಗೆ ಹೋದಳು, ತನ್ನ ಮದುವೆಯ ಹಸಿರು ಸೀರೆ ತಂದು ಮಣೆಯ ಮೇಲಿಟ್ಟಳು.

ಧಾರೆ ಮುಗಿಯಿತು. ಅಂಗಿಯ ಜೊತೆ ಸೀರೆಯೂ ಕರಿಮಣಿಯೂ ಒಂದೇ ಬುಟ್ಟಿ ಸೇರಿದವು. ಇನ್ನು ಹೆಣ್ಣು ಗಂಡನ ಮನೆಗೆ ಹೊರಡಬೇಕು. ಅಮ್ಮಣ್ಣಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಕೂತಳು.

ಜಲಜಾಕ್ಷಿ ರಿಕ್ಷಾದ ಕಂಬಿ ಬಿಡಲಿಲ್ಲ. "ಅವಳಿಗೆ ಮೀನಿನ ಮುಳ್ಳು ಬಿಡಿಸಲಿಕ್ಕೆ ಬರುವುದಿಲ್ಲ" ಎಂದಳು. ಅಂದ ಮೇಲೆ ನಾಚಿಕೆಯಾಯಿತು.

"ನಾನು ಬಿಡಿಸಿ ಕೊಡುತ್ತೇನೆ" ಎಂದಳು ಅಮ್ಮಣ್ಣಿ.

ರಿಕ್ಷಾ ಹೂಡೆಯ ಕಡೆ ಹೋಯಿತು. ಜಲಜಾಕ್ಷಿ ಮೇಜಿನ ಮುಂದೆ ಬಂದು ಕೂತಳು. ಹೊಸ ಪುಸ್ತಕದ ಚಿತ್ರದಲ್ಲಿ ದೋಣಿಯಿತ್ತು, ಅಲೆಯಿತ್ತು. ದೋಣಿಯ ಪಕ್ಕ ಚಂದು ಆಡುವ ಜಾಗವನ್ನು ಎಂದಿನಂತೆ ಕೊನೆಗೆ ಬಿಡಿಸಲೆಂದು ಖಾಲಿ ಬಿಟ್ಟಿದ್ದಳು. ಕುಂಚ ಅದ್ದಿ, ಅಲ್ಲಿಗೂ ಕಡಲಿನ ನೀಲಿಯನ್ನೇ ಎಳೆದಳು.